ಪರದೆಗೆ ಯಾವ ಬೀಗ? ಯುನಿಕ್ಸ್ ಮಾದರಿಯ ಕಂಪ್ಯೂಟರ್‌ಗಳಲ್ಲಿ ಸ್ಕ್ರೀನ್ ಲಾಕರ್ ಆರಿಸುವ ಮುನ್ನ

ಉಡುಪಿಯ ರಥಬೀದಿಗೆ ಹತ್ತಿರದ ಒಂದು ಮಹಡಿಯಲ್ಲಿ ನಾವು ಐವರು ಪುಸ್ತಕಗಳ ಪುಟವಿನ್ಯಾಸ ಮತ್ತು ಕರಡು ತಿದ್ದುವ ಕೆಲಸ ಮಾಡುತ್ತೇವೆ. ಇರುವ ಐದು ಕಂಪ್ಯೂಟರ್‌ಗಳಲ್ಲಿ ಮೂರರಲ್ಲಿ ಎಕ್ಸ್11 ಇರುವ ಲಿನಕ್ಸ್, ಒಂದರಲ್ಲಿ ವೇಲ್ಯಾಂಡ್ ಇರುವ ಲಿನಕ್ಸ್, ಉಳಿದೊಂದರಲ್ಲಿ ಓಪನ್‌ಬಿಎಸ್‌ಡಿ ಇದೆ. (ಎಕ್ಸ್11 ಮತ್ತು ವೇಲ್ಯಾಂಡ್ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ವ್ಯವಸ್ಥೆಗಳು, ಮೊದಲನೆಯದು ಹಳೆಯದು, ಎರಡನೆಯದು ಹೊಸದು. ಓಪನ್‌ಬಿಎಸ್‌ಡಿ ಲಿನಕ್ಸ್‌ನಂತೆಯೇ ಯುನಿಕ್ಸ್ ಮಾದರಿಯ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ.) ಲೇಖಕರು ಬರುತ್ತಾರೆ, ಅಚ್ಚಿನವರು ಬರುತ್ತಾರೆ, ಪರ್ಯಾಯದ ದಿನಗಳಲ್ಲಂತೂ ಊರ ಹೊರಗಿನ ನೆಂಟರೂ ಮೆಟ್ಟಿಲು ಹತ್ತಿ ಬಂದು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಇನ್ನೂ ಬೆಳಕು ಕಾಣದ ಹಸ್ತಪ್ರತಿಗಳು ತೆರೆದಿರುವ ಪರದೆಯನ್ನು ಬಿಟ್ಟು ಊಟಕ್ಕೆ ಹೋಗುವ ಹಾಗಿಲ್ಲವಾದ್ದರಿಂದ, ಪರದೆಗೆ ಬೀಗ ಹಾಕುವ ಪ್ರೋಗ್ರಾಂಗಳನ್ನು ಒಂದೊಂದಾಗಿ ಹಾಕಿ, ತೆಗೆದು, ಹೋಲಿಸಿ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಲಾಕರ್ ಆರಿಸುವಾಗ ಹೆಚ್ಚಿನವರು ಮೊದಲು ನೋಡುವುದು ಅದರ ಚಂದವನ್ನು: ಹಿನ್ನೆಲೆ ಚಿತ್ರ ಮಸುಕಾಗುತ್ತದೆಯೇ, ಗಡಿಯಾರ ಕಾಣುತ್ತದೆಯೇ ಎಂದು. ನನ್ನ ಅನುಭವದಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡೇ. ನೀವು ಟೈಪ್ ಮಾಡಿದ ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ನಿರ್ಧರಿಸುವ ಪ್ರೋಗ್ರಾಂ ಯಾವುದು, ಅದಕ್ಕಿರುವ ಅಧಿಕಾರ ಎಷ್ಟು? ಆ ಪ್ರೋಗ್ರಾಂ ನಡುವೆ ಕುಸಿದು ಬಿದ್ದರೆ ಪರದೆ ಮುಚ್ಚಿಯೇ ಇರುತ್ತದೆಯೇ, ತೆರೆದುಕೊಳ್ಳುತ್ತದೆಯೇ? ಈ ಎರಡಕ್ಕೆ ಉತ್ತರ ಸಿಕ್ಕಮೇಲೆ ಉಳಿದದ್ದನ್ನೆಲ್ಲ ಅಭಿರುಚಿಗೆ ಬಿಡಬಹುದು.

ಪಾಸ್‌ವರ್ಡ್ ಪರೀಕ್ಷಿಸುವ ಮೂರು ದಾರಿಗಳು

ಲಿನಕ್ಸ್‌ನಲ್ಲಿ ಪಾಸ್‌ವರ್ಡ್‌ನ ಹ್ಯಾಶ್, ಅಂದರೆ ಮೂಲಕ್ಕೆ ಮರಳಿಸಲಾಗದಂತೆ ಅದನ್ನು ಬದಲಾಯಿಸಿಟ್ಟ ರೂಪ, ಇಟಿಸಿ ಡೈರೆಕ್ಟರಿಯ ಶ್ಯಾಡೋ ಫೈಲ್‌ನಲ್ಲಿ ಇರುತ್ತದೆ, ಸಾಮಾನ್ಯ ಬಳಕೆದಾರನಿಗೆ ಅದನ್ನು ಓದುವ ಅನುಮತಿ ಇರುವುದಿಲ್ಲ. ಲಾಕರ್ ಓಡುವುದಾದರೋ ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ. ಈ ಇಕ್ಕಟ್ಟನ್ನು ಬಿಡಿಸಿಕೊಳ್ಳುವ ಅತ್ಯಂತ ನೇರವಾದ ದಾರಿಯೆಂದರೆ ಲಾಕರ್‌ಗೆ ಸೆಟ್‌ಯುಐಡಿ ಗುರುತು (ಯಾರು ಓಡಿಸಿದರೂ ಫೈಲಿನ ಒಡೆಯನ ಅಧಿಕಾರದಲ್ಲಿ ಓಡಲಿ ಎಂಬ ಗುರುತು) ಹಾಕಿ, ಪ್ರಾರಂಭವಾಗುವ ಗಳಿಗೆಯಲ್ಲಿ ಅದು ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಾಗಿ ಹ್ಯಾಶ್ ಓದಿಕೊಳ್ಳುವಂತೆ ಮಾಡಿ, ಒಡನೆಯೇ ಆ ಅಧಿಕಾರವನ್ನು ಕಳಚಿಬಿಡುವುದು. ಸಕ್‌ಲೆಸ್ ಬಳಗದ ಎಸ್‌ಲಾಕ್ ಮಾಡುವುದು ಇದನ್ನೇ. ಹ್ಯಾಶ್ ಕೈಗೆ ಬಂದಮೇಲೆ ಅದು ಯಾವ ಹಕ್ಕೂ ಇಲ್ಲದ ‘ನೋಬಡಿ’ ಬಳಕೆದಾರನಾಗಿ ಬದಲಾಗುತ್ತದೆ, ನೀವು ಟೈಪ್ ಮಾಡಿದ್ದನ್ನು ಹ್ಯಾಶ್ ಮಾಡುವ ಕ್ರಿಪ್ಟ್ ಫಂಕ್ಷನ್ನಿಗೆ ಕೊಟ್ಟು, ಬಂದ ಫಲವನ್ನು ನೆನಪಿನಲ್ಲಿಟ್ಟ ಹ್ಯಾಶ್ ಜೊತೆ ಹೋಲಿಸುತ್ತದೆ. ಹ್ಯಾಶ್ ಓದುವುದು ಬೀಗ ಹಾಕುವ ಹೊತ್ತಿನಲ್ಲಿ ಒಮ್ಮೆ ಮಾತ್ರವಾದ್ದರಿಂದ, ಪರದೆ ಮುಚ್ಚಿರುವಾಗ ಇನ್ನೊಂದು ಕಂಪ್ಯೂಟರಿನಿಂದ ಒಳಬಂದು ಪಾಸ್‌ವರ್ಡ್ ಬದಲಾಯಿಸಿದರೆ ಎಸ್‌ಲಾಕ್ ಹಳೆಯ ಪಾಸ್‌ವರ್ಡನ್ನೇ ಕೇಳುತ್ತದೆ.

ಎರಡನೆಯದು ಪ್ಯಾಮ್. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಎಂಜಿನಿಯರುಗಳು 1995ರಲ್ಲಿ ಪ್ರಸ್ತಾಪಿಸಿದ ಈ ಪದ್ಧತಿಯಲ್ಲಿ, ಪಾಸ್‌ವರ್ಡ್ ಎಲ್ಲಿದೆ, ಹೇಗಿದೆ ಎಂಬುದು ಲಾಕರ್‌ಗೆ ತಿಳಿದಿರಬೇಕಾಗಿಲ್ಲ. ಅದು ಪ್ಯಾಮ್ ಅನ್ನು ಕೇಳುತ್ತದೆ, ಪ್ಯಾಮ್ ತನ್ನ ಮಾಡ್ಯೂಲ್‌ಗಳನ್ನು ಕೇಳುತ್ತದೆ. ಲಿನಕ್ಸ್‌ನಲ್ಲಿ ಪ್ಯಾಮ್ ಯುನಿಕ್ಸ್ ಮಾಡ್ಯೂಲ್‌ಗೆ ಶ್ಯಾಡೋ ಫೈಲ್ ಓದುವ ಹಕ್ಕಿಲ್ಲದಿದ್ದಾಗ ಅದು ‘ಯುನಿಕ್ಸ್ ಚೆಕ್ ಪಾಸ್‌ವರ್ಡ್’ ಎಂಬ ಪುಟ್ಟ ಸಹಾಯಕ ಪ್ರೋಗ್ರಾಂ ಅನ್ನು ಕರೆಯುತ್ತದೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಈ ಸಹಾಯಕನಿಗೆ ಇರುವುದು ಶ್ಯಾಡೋ ಗುಂಪಿನ ಅಧಿಕಾರ ಮಾತ್ರ, ಸಾಮಾನ್ಯ ಬಳಕೆದಾರ ಕರೆದರೆ ಅದು ಆತನದೇ ಪಾಸ್‌ವರ್ಡನ್ನು ಪರೀಕ್ಷಿಸುತ್ತದೆ, ಬೇರೆಯವರದನ್ನಲ್ಲ. ಆದ್ದರಿಂದ ಐ3ಲಾಕ್, ಸ್ವೇಲಾಕ್ ಮುಂತಾದ ಲಾಕರ್‌ಗಳು ಲಿನಕ್ಸ್‌ನಲ್ಲಿ ಸೆಟ್‌ಯುಐಡಿ ಇಲ್ಲದೆಯೇ ಕೆಲಸ ಮಾಡುತ್ತವೆ. ಬಣ್ಣ ಬಳಿಯುವ, ಚಿತ್ರ ತೋರಿಸುವ, ಕೀಲಿಗಳನ್ನು ಓದುವ ದೊಡ್ಡ ಪ್ರೋಗ್ರಾಂಗೆ ವಿಶೇಷ ಹಕ್ಕು ಯಾವುದೂ ಇಲ್ಲ, ಹಕ್ಕಿರುವುದು ಒಂದೇ ಕೆಲಸ ಬಲ್ಲ ಸಣ್ಣ ಪ್ರೋಗ್ರಾಂಗೆ. ಈ ಹಂಚಿಕೆ ನನಗೆ ತುಂಬ ಸರಿಯೆನಿಸುತ್ತದೆ.

ಪ್ಯಾಮ್ ಬೇಡುವ ಒಂದು ಎಚ್ಚರವಿದೆ. ಪ್ರತಿ ಲಾಕರ್‌ಗೂ ಪ್ಯಾಮ್ ಡೈರೆಕ್ಟರಿಯಲ್ಲಿ ಅದರ ಹೆಸರಿನದೇ ಒಂದು ಫೈಲ್ ಇರಬೇಕು. ವಿತರಣೆಯ ಪ್ಯಾಕೇಜ್ ಮೂಲಕ ಹಾಕಿಕೊಂಡರೆ ಅದು ತಾನಾಗಿ ಬರುತ್ತದೆ, ಮೂಲದಿಂದ ಕಂಪೈಲ್ ಮಾಡಿಕೊಂಡವರು ಮರೆಯುತ್ತಾರೆ. ನಿಕ್ಸ್‌ಓಎಸ್‌ನಲ್ಲಿ ಬಳಕೆದಾರನ ಮಟ್ಟದಲ್ಲಿ ಸ್ವೇಲಾಕ್ ಹಾಕಿಕೊಂಡು, ವ್ಯವಸ್ಥೆಯ ಸಂರಚನೆಯಲ್ಲಿ ಅದರ ಪ್ಯಾಮ್ ಸೇವೆಯನ್ನು ಹೆಸರಿಸದೆ ಬಿಟ್ಟರೆ, ಪರದೆಗೆ ಬೀಗ ಬೀಳುತ್ತದೆ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತೆರೆಯುವುದಿಲ್ಲ.

ಮೂರನೆಯದು ಓಪನ್‌ಬಿಎಸ್‌ಡಿಯ ಬಿಎಸ್‌ಡಿ ಆತ್. ಅಲ್ಲಿ ಪ್ಯಾಮ್ ಇಲ್ಲ. ಪ್ಯಾಮ್ ತನ್ನ ಮಾಡ್ಯೂಲ್‌ಗಳನ್ನು ಕೇಳುವ ಪ್ರೋಗ್ರಾಂನ ಒಳಗೇ ತಂದು ಓಡಿಸಿದರೆ, ಬಿಎಸ್‌ಡಿ ಆತ್ ಪ್ರತಿ ದೃಢೀಕರಣ ವಿಧಾನವನ್ನೂ ಬೇರೆಯೇ ಪ್ರೊಸೆಸ್ ಆಗಿ ಓಡಿಸಿ, ಅದರಿಂದ ಉತ್ತರವನ್ನಷ್ಟೇ ಪಡೆಯುತ್ತದೆ. ಮಾಡ್ಯೂಲ್‌ನ ದೋಷ ಲಾಕರ್‌ನ ಮೆಮೊರಿಯನ್ನು ಮುಟ್ಟುವ ದಾರಿಯೇ ಇಲ್ಲವಾದ್ದರಿಂದ ವಿನ್ಯಾಸದ ದೃಷ್ಟಿಯಿಂದ ಮೂರರಲ್ಲಿ ಇದೇ ಶುದ್ಧವಾದದ್ದು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ತಪ್ಪೇ ಆಗದು ಎಂದಲ್ಲ: ಗೀಟಿನಿಂದ ಆರಂಭವಾಗುವ ಬಳಕೆದಾರ ಹೆಸರು ಕೊಟ್ಟು ದೃಢೀಕರಣವನ್ನೇ ದಾಟಿಹೋಗಬಹುದಾದ ದೋಷವನ್ನು 2019ರ ಡಿಸೆಂಬರಿನಲ್ಲಿ ಕ್ವಾಲಿಸ್ ಸಂಸ್ಥೆಯವರು ಇದರಲ್ಲಿ ತೋರಿಸಿಕೊಟ್ಟರು, ಓಪನ್‌ಬಿಎಸ್‌ಡಿಯವರು ತಡಮಾಡದೆ ಸರಿಪಡಿಸಿದರು.

ಫ್ರೀಬಿಎಸ್‌ಡಿಯದು ಪ್ಯಾಮ್‌ನ ಇನ್ನೊಂದು ರೂಪವಾದ ಓಪನ್‌ಪ್ಯಾಮ್. ಲಿನಕ್ಸ್‌ನಲ್ಲಿರುವಂಥ ಸಹಾಯಕ ಪ್ರೋಗ್ರಾಂ ಅದರ ಮೂಲ ವ್ಯವಸ್ಥೆಯಲ್ಲಿ ಇಲ್ಲ. ಹೀಗಾಗಿ ಲಿನಕ್ಸ್‌ನಲ್ಲಿ ಸಲೀಸಾಗಿ ನಡೆದ ಲಾಕರ್‌ಗೆ ಅಲ್ಲಿ ಸೆಟ್‌ಯುಐಡಿ ಬೇಕಾಗಬಹುದು, ಇಲ್ಲವೇ ಪೋರ್ಟ್ಸ್ ಸಂಗ್ರಹದಲ್ಲಿರುವ ‘ಯುನಿಕ್ಸ್ ಸೆಲ್ಫ್ಆತ್ ಹೆಲ್ಪರ್’ ಅನ್ನು ಹಾಕಿಕೊಳ್ಳಬೇಕು.

ಬೀಗವೇ ಬಿದ್ದುಹೋದರೆ

ಎಕ್ಸ್11 ಹುಟ್ಟಿದ ಕಾಲದಲ್ಲಿ ಲಾಕರ್ ಎಂಬ ಪ್ರತ್ಯೇಕ ಪರಿಕಲ್ಪನೆ ಅದರೊಳಗೆ ಇರಲಿಲ್ಲ, ಇವತ್ತಿಗೂ ಇಲ್ಲ. ಎಕ್ಸ್ ಸರ್ವರ್‌ನ ಕಣ್ಣಿಗೆ ಲಾಕರ್ ಕೂಡ ಬೇರೆಲ್ಲ ಕಿಟಕಿಗಳಂತೆ ಒಂದು ಕಿಟಕಿ. ಅದು ಪರದೆಯನ್ನೆಲ್ಲ ಆವರಿಸಿಕೊಂಡು, ಕೀಬೋರ್ಡ್ ಮತ್ತು ಮೌಸನ್ನು ಬಿಗಿಹಿಡಿದು ಕೂತಿರುತ್ತದೆ, ಅಷ್ಟೆ. ಬೇರೊಂದು ಪ್ರೋಗ್ರಾಂ ಮೆನು ತೆರೆದು ಕೀಬೋರ್ಡನ್ನು ಮೊದಲೇ ಹಿಡಿದಿದ್ದರೆ ಲಾಕರ್‌ಗೆ ಹಿಡಿತ ಸಿಗುವುದಿಲ್ಲ, ಬೀಗ ಬೀಳುವುದಿಲ್ಲ. ಲಾಕರ್ ಕುಸಿದರೆ ಹಿಡಿತ ಸಡಿಲವಾಗುತ್ತದೆ, ಪರದೆ ತೆರೆದುಕೊಳ್ಳುತ್ತದೆ.

ಇದು ಬರೀ ಊಹೆಯ ಭಯವಲ್ಲ. 2012ರಲ್ಲಿ ಎಕ್ಸ್ ಸರ್ವರ್‌ನ ಕೆಲವು ಆವೃತ್ತಿಗಳಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಅಂಕಿಗಳ ಬದಿಯ ಗುಣಾಕಾರ ಚಿಹ್ನೆಯನ್ನು ಒಟ್ಟಿಗೆ ಒತ್ತಿದರೆ ಹಿಡಿತಗಳೆಲ್ಲ ಕಳಚಿ ಬೀಗ ಬಿದ್ದುಹೋಗುತ್ತಿತ್ತು. ಪ್ರೋಗ್ರಾಮರುಗಳ ಅನುಕೂಲಕ್ಕಿದ್ದ ಒಂದು ಸೌಲಭ್ಯ ಎಲ್ಲರ ಯಂತ್ರದಲ್ಲೂ ತೆರೆದೇ ಉಳಿದದ್ದು ಕಾರಣ. 2016ರಲ್ಲಿ ಎಸ್‌ಲಾಕ್‌ನಲ್ಲಿ, ಹ್ಯಾಶ್ ಅಸಿಂಧುವಾಗಿದ್ದರೆ ಕ್ರಿಪ್ಟ್ ಫಂಕ್ಷನ್ ಬರಿಗೈಯಲ್ಲಿ ಮರಳುವುದನ್ನು ಪರೀಕ್ಷಿಸದೆ ಬಿಟ್ಟದ್ದರಿಂದ ಲಾಕರ್ ಕುಸಿದು ಪರದೆ ತೆರೆಯುವ ದೋಷ ಕಂಡುಬಂತು. 2021ರ ಜನವರಿಯಲ್ಲಿ ಲಿನಕ್ಸ್ ಮಿಂಟ್ ಬಳಸುವ ಒಬ್ಬರ ಮಕ್ಕಳು ಪರದೆಯ ಮೇಲಿನ ಕೀಬೋರ್ಡನ್ನೂ ನಿಜವಾದ ಕೀಬೋರ್ಡನ್ನೂ ಮನಬಂದಂತೆ ಒತ್ತಿ ಆಡುತ್ತಿದ್ದಾಗ ಬೀಗ ತೆರೆದುಕೊಂಡಿತು. ಹುಡುಕಿದಾಗ, ಪರದೆಯ ಕೀಬೋರ್ಡಿನಲ್ಲಿ ಮೇಲುಗೆರೆಯಿರುವ ಇಂಗ್ಲಿಷ್ ‘ಇ’ ಅಕ್ಷರವನ್ನು ಒತ್ತಿದಾಗ ಲಾಕರ್ ಕುಸಿಯುತ್ತಿದ್ದುದು ಗೊತ್ತಾಯಿತು.

ಎಕ್ಸ್11ನ ಹಳೆಯ ಲಾಕರ್ ಆದ ಎಕ್ಸ್‌ಸ್ಕ್ರೀನ್‌ಸೇವರ್ ಅನ್ನು 1992ರಿಂದ ನೋಡಿಕೊಂಡು ಬಂದಿರುವ ಜೇಮೀ ಜವಿನ್ಸ್ಕಿ ಅವರು, ಗುಂಡಿ, ಮೆನು ಬಿಡಿಸುವ ಭಾರಿ ಲೈಬ್ರರಿಗಳನ್ನು ಲಾಕರ್‌ನೊಳಗೆ ತರಬಾರದು ಎಂದು ವರ್ಷಗಳಿಂದ ವಾದಿಸುತ್ತಿದ್ದುದು ಇದೇ ಕಾರಣಕ್ಕೆ. 2021ರ ಆರನೆಯ ಆವೃತ್ತಿಯಲ್ಲಿ ಅವರು ತಮ್ಮ ಪ್ರೋಗ್ರಾಂ ಅನ್ನು ಮೂರಾಗಿ ಒಡೆದರು: ಹಿಡಿತ ಇಟ್ಟುಕೊಳ್ಳುವ ಚಿಕ್ಕ ಮೂಲ ಪ್ರೊಸೆಸ್ ಒಂದು, ಚಿತ್ರ ತೋರಿಸುವುದು ಇನ್ನೊಂದು, ಪಾಸ್‌ವರ್ಡ್ ಕೇಳಿ ಪ್ಯಾಮ್ ಜೊತೆ ಮಾತಾಡುವುದು ಮತ್ತೊಂದು. ಚಿತ್ರದ ಭಾಗ ಕುಸಿದರೂ ಮೂಲ ಪ್ರೊಸೆಸ್ ಅಲ್ಲಾಡುವುದಿಲ್ಲ. ಗೂಗಲ್‌ನಿಂದ ಬಂದ ಎಕ್ಸ್‌ಸೆಕ್ಯೂರ್‌ಲಾಕ್ ಮೊದಲಿನಿಂದಲೂ ಇದೇ ಹಾದಿಯಲ್ಲಿದೆ. ಅದರ ಮೂಲ ಪ್ರೊಸೆಸ್‌ಗೆ ಪ್ಯಾಮ್‌ನ ನಂಟೇ ಇಲ್ಲ. ಪಾಸ್‌ವರ್ಡ್ ಪರೀಕ್ಷೆಗೆ ಮರಿ ಪ್ರೊಸೆಸ್ ಹುಟ್ಟುತ್ತದೆ, ಅದು ಯಶಸ್ಸಿನ ಸಂಕೇತದೊಂದಿಗೆ ಮುಗಿದರೆ ಮಾತ್ರ ಬೀಗ ತೆರೆಯುತ್ತದೆ, ನಡುವೆ ಸತ್ತರೆ ತೆರೆಯುವುದಿಲ್ಲ. ಎಕ್ಸ್11 ಬಿಟ್ಟುಬರಲಾಗದವರಿಗೆ ನಾನು ಸೂಚಿಸುವುದು ಈ ಎರಡರಲ್ಲಿ ಒಂದನ್ನು.

ಐ3ಲಾಕ್ ಬಗ್ಗೆ ನನಗೆ ಪ್ರೀತಿಯಿದೆ. ಪ್ರತಿ ಕೀಲಿ ಒತ್ತಿದಾಗ ಉಂಗುರದ ಒಂದು ತುಣುಕು ಮಿನುಗುವುದು, ಪರೀಕ್ಷಿಸುತ್ತಿರುವಾಗ ಬಣ್ಣ ಬದಲಾಗುವುದು, ತಪ್ಪಾದರೆ ಕೆಂಪಾಗುವುದು, ಇವೆಲ್ಲ ಕಣ್ಣಿಗೆ ಸ್ಪಷ್ಟ. ಪಾಸ್‌ವರ್ಡ್ ಹಿಡಿದಿಟ್ಟ ಮೆಮೊರಿ ಡಿಸ್ಕಿನ ಸ್ವಾಪ್‌ಗೆ ಹೋಗದಂತೆ ಬಂಧಿಸುವ ಕಾಳಜಿಯೂ ಅದಕ್ಕಿದೆ. ಆದರೆ ಅದು ಒಂದೇ ಪ್ರೊಸೆಸ್. ಅದು ಬಿದ್ದರೆ ಪರದೆ ತೆರೆದಂತೆ.

ವೇಲ್ಯಾಂಡ್‌ನಲ್ಲಿ ಈ ಪ್ರಶ್ನೆಗೆ ಬುಡದಲ್ಲೇ ಪರಿಹಾರ ಸಿಕ್ಕಿದೆ, ಆದರೆ ಅಲ್ಲಿಯೂ ಅದು ಮೊದಲ ದಿನದಿಂದ ಇದ್ದದ್ದಲ್ಲ. ಸ್ವೇಲಾಕ್‌ನ 1.6ಕ್ಕಿಂತ ಹಿಂದಿನ ಆವೃತ್ತಿಗಳು ಕುಸಿದರೆ ಪರದೆ ತೆರೆದುಕೊಳ್ಳುತ್ತಿತ್ತು. 2022ರಲ್ಲಿ ಸೆಷನ್ ಲಾಕ್ ಎಂಬ ಪ್ರೋಟೋಕಾಲ್ ಬಂದಮೇಲೆ ಬೀಗದ ಹೊಣೆಯನ್ನು ಕಂಪೋಸಿಟರ್, ಅಂದರೆ ಎಲ್ಲ ಕಿಟಕಿಗಳನ್ನು ಜೋಡಿಸಿ ಪರದೆಯ ಮೇಲೆ ತೋರಿಸುವ ಪ್ರೋಗ್ರಾಂ, ವಹಿಸಿಕೊಂಡಿತು. ಲಾಕರ್ ‘ತೆರೆ’ ಎಂದು ಸ್ಪಷ್ಟವಾಗಿ ಹೇಳದೆ ಸತ್ತರೆ ಕಂಪೋಸಿಟರ್ ಪರದೆಯನ್ನು ಮುಚ್ಚಿಯೇ ಇಡಬೇಕು ಎಂಬುದು ಅದರ ನಿಯಮ. ಸ್ವೇಲಾಕ್, ವೇಲಾಕ್ ಎರಡೂ ಈಗ ಇದನ್ನು ಬಳಸುತ್ತವೆ. ಹೊಸದಾಗಿ ಯಂತ್ರ ಕಟ್ಟಿಕೊಳ್ಳುವವರು ಬೇರೆ ಅಡ್ಡಿಯಿಲ್ಲದಿದ್ದರೆ ಈ ಒಂದು ಕಾರಣಕ್ಕಾದರೂ ವೇಲ್ಯಾಂಡ್ ಕಡೆ ಹೋಗುವುದು ಒಳ್ಳೆಯದೆಂದು ನಾನು ಒತ್ತಿ ಹೇಳುತ್ತೇನೆ.

ನೋಮ್ ಅಥವಾ ಕೆಡಿಇ ಎಂಬ ಸಿದ್ಧ ಡೆಸ್ಕ್‌ಟಾಪ್‌ಗಳನ್ನು ಬಳಸುವವರಿಗೆ ಆಯ್ಕೆಯ ತಲೆನೋವು ಕಡಿಮೆ: ಜೊತೆಗೆ ಬಂದ ಬೀಗವನ್ನೇ ಬಳಸಿ. ನೋಮ್‌ನಲ್ಲಿ ಪಾಸ್‌ವರ್ಡ್ ಪರೀಕ್ಷೆಯನ್ನು ಅದರ ಲಾಗಿನ್ ನೋಡಿಕೊಳ್ಳುವ ಜಿಡಿಎಂ ಬೇರೆ ಪ್ರೊಸೆಸ್‌ನಲ್ಲಿ ನಡೆಸುತ್ತದೆ. ಕೆಡಿಇಯಲ್ಲಿ ಲಾಕರ್ ಮತ್ತೆ ಮತ್ತೆ ಕುಸಿದರೆ, ಬೀಗ ಕೆಟ್ಟಿದೆ ಎಂದು ತಿಳಿಸಿ, ಬೇರೆ ಕನ್ಸೋಲ್‌ನಿಂದ ಲಾಗಿನ್‌ಸಿಟಿಎಲ್ ಕಮಾಂಡ್ ಬಳಸಿ ತೆರೆಯಿರಿ ಎಂಬ ಸೂಚನೆ ಪರದೆಯ ಮೇಲೆ ಬರುತ್ತದೆ. ಗ್ರಾಫಿಕ್ಸ್ ಇಲ್ಲದ ಕನ್ಸೋಲ್‌ನಲ್ಲೇ ಕೆಲಸ ಮಾಡುವವರಿಗೆ ವಿಲಾಕ್, ಫಿಸ್‌ಲಾಕ್ ಸಾಕು.

ಕನ್ನಡ ಕೀಬೋರ್ಡ್ ಮತ್ತು ಹತ್ತು ನಿಮಿಷಗಳ ಕಾಯುವಿಕೆ

ಹೆಚ್ಚಿನ ಹೋಲಿಕೆಗಳಲ್ಲಿ ಕಾಣಸಿಗದ, ಆದರೆ ಕನ್ನಡದಲ್ಲಿ ದಿನವಿಡೀ ಟೈಪ್ ಮಾಡುವವರಿಗೆ ಎಲ್ಲಕ್ಕಿಂತ ಮೊದಲು ಎದುರಾಗುವ ತೊಡಕೊಂದಿದೆ. ಕಳೆದ ಆಟಿಯ ಒಂದು ಮಧ್ಯಾಹ್ನ ನಮ್ಮ ಸಹೋದ್ಯೋಗಿಯೊಬ್ಬರು ಕ-ಗ-ಪ ಕೀಬೋರ್ಡ್ ವಿನ್ಯಾಸದಲ್ಲಿ ಪುಟವೊಂದನ್ನು ತಿದ್ದುತ್ತಿದ್ದವರು ಹಾಗೆಯೇ ಬೀಗ ಹಾಕಿ ಊಟಕ್ಕೆ ಹೋದರು. ಬಂದು ಪಾಸ್‌ವರ್ಡ್ ಟೈಪ್ ಮಾಡಿದರೆ ಉಂಗುರ ಮಿನುಗುತ್ತದೆ, ಎಂಟರ್ ಒತ್ತಿದರೆ ಕೆಂಪಾಗುತ್ತದೆ. ಮಳೆಯ ಸದ್ದಿನಲ್ಲಿ ಸಮಾಧಾನವಾಗಿ ಒಂದೊಂದೇ ಕೀಲಿ ಒತ್ತಿ ಎರಡನೇ ಸಲ ಪ್ರಯತ್ನಿಸಿದರು, ಮೂರನೇ ಸಲವೂ ಪ್ರಯತ್ನಿಸಿದರು. ಆಮೇಲೆ ನಾನು ಬಂದು ವಿನ್ಯಾಸವನ್ನು ಇಂಗ್ಲಿಷಿಗೆ ಬದಲಿಸಿ ಸರಿಯಾದ ಪಾಸ್‌ವರ್ಡ್ ಕೊಟ್ಟಾಗಲೂ ಕೆಂಪೇ ಬಂತು. ಸಂಜೆಯೊಳಗೆ ಅಚ್ಚಿಗೆ ಹೋಗಬೇಕಾದ ಪುಟಗಳು ಆ ಪರದೆಯ ಹಿಂದಿದ್ದವು.

ಇಲ್ಲಿ ಎರಡು ಸಂಗತಿಗಳು ಒಂದರ ಮೇಲೊಂದು ಬಿದ್ದಿದ್ದವು. ಮೊದಲನೆಯದು, ಆ ಯಂತ್ರದಲ್ಲಿ ಕನ್ನಡವನ್ನು ಎಕ್ಸ್‌ಕೆಬಿ ವಿನ್ಯಾಸವಾಗಿ ಹಾಕಿದ್ದು. ಎಕ್ಸ್‌ಕೆಬಿ ಎಂದರೆ ಕೀಬೋರ್ಡಿನ ತಳಮಟ್ಟದ ನಕ್ಷೆ. ಬೀಗ ಹಾಕಿದ ಗಳಿಗೆಯಲ್ಲಿ ಯಾವ ವಿನ್ಯಾಸವಿತ್ತೋ ಲಾಕರ್ ಅದರಂತೆಯೇ ಕೀಲಿಗಳನ್ನು ಓದುತ್ತದೆ, ಕನ್ನಡ ಅಕ್ಷರಗಳನ್ನೇ ಪಾಸ್‌ವರ್ಡ್ ಎಂದು ಪ್ಯಾಮ್‌ಗೆ ಕೊಡುತ್ತದೆ. ಕೀಬೋರ್ಡಿನ ನಕ್ಷೆಯ ಮೇಲೆ ಪ್ರತ್ಯೇಕವಾಗಿ ಓಡುವ ಐಬಸ್ ಪ್ರೋಗ್ರಾಂ ಮೂಲಕ ಕನ್ನಡ ಟೈಪ್ ಮಾಡುವ ಯಂತ್ರಗಳಲ್ಲಿ ಈ ತೊಂದರೆ ಇಲ್ಲ. ಐ3ಲಾಕ್‌ನಂಥ ಚಿಕ್ಕ ಲಾಕರ್‌ಗಳು ಐಬಸ್ ಅನ್ನು ಕೇಳುವುದೇ ಇಲ್ಲ, ಆದ್ದರಿಂದ ಅವುಗಳಿಗೆ ತಳದಲ್ಲಿರುವ ಇಂಗ್ಲಿಷ್ ಅಕ್ಷರಗಳೇ ಸಿಗುತ್ತವೆ. ಕ-ಗ-ಪ ವಿನ್ಯಾಸದ ಬೇರು ಇದೇ ಕರಾವಳಿಯ ಕೆ.ಪಿ. ರಾವ್ ಅವರ ಕೆಲಸದಲ್ಲಿದೆ. ಅದನ್ನು ಬಿಟ್ಟು ಬೇರೆ ಕಲಿಯಿರಿ ಎಂದು ನಾನು ಯಾರಿಗೂ ಹೇಳಲಾರೆ. ಹೇಳಬೇಕಾದದ್ದು ಲಾಕರ್‌ಗೆ.

ಸ್ವೇಲಾಕ್ ಈ ವಿಷಯದಲ್ಲಿ ಮುಂದಿದೆ. ಒಂದಕ್ಕಿಂತ ಹೆಚ್ಚು ವಿನ್ಯಾಸಗಳಿದ್ದರೆ ಟೈಪ್ ಮಾಡುವಾಗ ಯಾವುದು ಜಾರಿಯಲ್ಲಿದೆ ಎಂದು ತಾನಾಗಿಯೇ ತೋರಿಸುತ್ತದೆ. ಐ3ಲಾಕ್‌ನ ಹೊಸ ಆವೃತ್ತಿಗಳಲ್ಲಿ ‘ಕೆ’ ಆಯ್ಕೆಯನ್ನು ಕೊಟ್ಟರೆ ಮಾತ್ರ ತೋರಿಸುತ್ತದೆ. ಎಸ್‌ಲಾಕ್ ಬರೀ ಬಣ್ಣವನ್ನು ತೋರಿಸುತ್ತದೆ: ಸುಮ್ಮನಿದ್ದಾಗ ಕಪ್ಪು, ಟೈಪ್ ಮಾಡುವಾಗ ನೀಲಿ, ತಪ್ಪಾದಾಗ ಕೆಂಪು. ಅದರ ಸರಳತೆಯನ್ನು ನಾನು ಮೆಚ್ಚುತ್ತೇನೆ, ಆದರೆ ಎರಡು ಲಿಪಿಗಳಲ್ಲಿ ಕೆಲಸ ಮಾಡುವವರ ಯಂತ್ರಕ್ಕೆ ಅದು ತಕ್ಕದ್ದಲ್ಲ. ನಾವು ಮಾಡಿಕೊಂಡ ಏರ್ಪಾಡು ಹೀಗಿದೆ: ಬೀಗ ಹಾಕಲು ಒತ್ತುವ ಕೀಲಿಗೆ ನೇರವಾಗಿ ಐ3ಲಾಕ್ ಅನ್ನು ಕಟ್ಟದೆ ಮೂರು ಸಾಲಿನ ಸ್ಕ್ರಿಪ್ಟ್ ಕಟ್ಟಿದ್ದೇವೆ. ಅದು ಮೊದಲು ಸೆಟ್‌ಎಕ್ಸ್‌ಕೆಬಿಮ್ಯಾಪ್ ಕಮಾಂಡಿನಿಂದ ವಿನ್ಯಾಸವನ್ನು ಇಂಗ್ಲಿಷಿಗೆ ತರುತ್ತದೆ, ಆಮೇಲೆ ಹಿನ್ನೆಲೆಗೆ ಸರಿಯದಂತೆ ‘ಎನ್’ ಆಯ್ಕೆಯೊಂದಿಗೆ ಲಾಕರ್ ಓಡಿಸುತ್ತದೆ, ಬೀಗ ತೆರೆದ ಮೇಲೆ ಎರಡೂ ವಿನ್ಯಾಸಗಳನ್ನು ಮರಳಿ ಹಾಕುತ್ತದೆ.

ಎರಡನೆಯ ಸಂಗತಿ ಫೇಲ್‌ಲಾಕ್ ಎಂಬ ಪ್ಯಾಮ್ ಮಾಡ್ಯೂಲ್. ಹದಿನೈದು ನಿಮಿಷಗಳ ಒಳಗೆ ಮೂರು ಸಲ ತಪ್ಪಾದರೆ ಹತ್ತು ನಿಮಿಷ ಖಾತೆಯನ್ನೇ ಮುಚ್ಚುವುದು ಅದರ ಪೂರ್ವನಿಯೋಜಿತ ನಡವಳಿಕೆ. ಆರ್ಚ್ ಲಿನಕ್ಸ್‌ನಲ್ಲಿ 2020ರಿಂದ ಇದು ತಾನಾಗಿ ಜಾರಿಯಲ್ಲಿದೆ. ಆ ಹತ್ತು ನಿಮಿಷ ಸರಿಯಾದ ಪಾಸ್‌ವರ್ಡಿಗೂ ‘ತಪ್ಪು’ ಎಂದೇ ಉತ್ತರ ಬರುತ್ತದೆ, ಕಾರಣವನ್ನು ತೋರಿಸುವ ಜಾಗ ಚಿಕ್ಕ ಲಾಕರ್‌ಗಳಲ್ಲಿ ಇಲ್ಲ. ಬೇರೆ ಯಂತ್ರದಿಂದ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್ ಆಗುವ ಸೌಲಭ್ಯ) ಮೂಲಕ ರೂಟ್ ಆಗಿ ಒಳಬರುವ ದಾರಿಯಿದ್ದರೆ ಫೇಲ್‌ಲಾಕ್ ಕಮಾಂಡಿಗೆ ಬಳಕೆದಾರ ಹೆಸರನ್ನೂ ರೀಸೆಟ್ ಆಯ್ಕೆಯನ್ನೂ ಕೊಟ್ಟು ಲೆಕ್ಕವನ್ನು ಸೊನ್ನೆಗೆ ತರಬಹುದು. ನಾವು ಅವತ್ತು ಕಾದೆವು. ಆಮೇಲೆ ಅದರ ಸಂರಚನಾ ಫೈಲ್‌ನಲ್ಲಿ ಮೂರನ್ನು ಆರು ಮಾಡಿದೆ. ಮಾಡ್ಯೂಲನ್ನು ಪೂರ್ತಿ ತೆಗೆಯಿರಿ ಎಂಬ ಸಲಹೆ ಸಿಗುತ್ತದೆ. ಜನರು ಬಂದುಹೋಗುವ ಜಾಗದಲ್ಲಿ ಅದು ತಪ್ಪು ಸಲಹೆ. ಶ್ಯಾಡೋ ಫೈಲನ್ನು ನೇರವಾಗಿ ಓದುವ ಎಸ್‌ಲಾಕ್‌ಗೆ ಫೇಲ್‌ಲಾಕ್ ಅನ್ವಯಿಸುವುದೇ ಇಲ್ಲ. ಅಲ್ಲಿ ಹತ್ತು ನಿಮಿಷ ಕಾಯಬೇಕಾಗಿಲ್ಲ ನಿಜ, ಆದರೆ ಅಪರಿಚಿತರೊಬ್ಬರು ಎಷ್ಟು ಸಲ ಬೇಕಾದರೂ ಊಹಿಸಿ ನೋಡಬಹುದು.

ಬೆರಳಚ್ಚಿನ ಬಗ್ಗೆ ಒಂದು ಮಾತು. ಪ್ಯಾಮ್ ಬಳಸುವ ಲಾಕರ್ ಆದರೆ ಎಫ್‌ಪ್ರಿಂಟ್ ಮಾಡ್ಯೂಲ್ ಸೇರಿಸಿ ಬೆರಳಿನಿಂದಲೂ ತೆರೆಯಬಹುದು, ಆದರೆ ಐ3ಲಾಕ್‌ನಲ್ಲಿ ನೀವು ಎಂಟರ್ ಒತ್ತುವ ತನಕ ಪ್ಯಾಮ್ ಜೊತೆ ಮಾತುಕತೆಯೇ ಆರಂಭವಾಗದು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮೂರಿನಲ್ಲಿ ಒದ್ದೆಯಾಗದ ಬೆರಳು ಅಪರೂಪ, ಒದ್ದೆ ಬೆರಳನ್ನು ಸೆನ್ಸರ್ ಗುರುತಿಸದು. ಪಾಸ್‌ವರ್ಡನ್ನೇ ಮುಖ್ಯವಾಗಿ ಇಟ್ಟುಕೊಳ್ಳಿ. ಎಲ್‌ಡ್ಯಾಪ್ ಅಥವಾ ಕೆರ್ಬರೋಸ್ ಮೂಲಕ, ಅಂದರೆ ಕೇಂದ್ರ ಸರ್ವರ್ ಒಂದರಿಂದ, ಲಾಗಿನ್ ಇರುವ ಕಾಲೇಜು, ಕಚೇರಿಗಳಿಗೂ ಪ್ಯಾಮ್ ದಾರಿಯೇ ಸರಿ, ಸ್ಥಳೀಯ ಶ್ಯಾಡೋ ಫೈಲ್‌ನಲ್ಲಿ ಅವರ ಹ್ಯಾಶ್ ಇರುವುದಿಲ್ಲ.

ಬೀಗದ ಪಕ್ಕದ ಕಿಂಡಿಗಳು

ಲಾಕರ್ ಎಷ್ಟೇ ಗಟ್ಟಿಯಾಗಿರಲಿ, ಕನ್ಸೋಲ್‌ನಲ್ಲಿ ಲಾಗಿನ್ ಆಗಿ ಸ್ಟಾರ್ಟ್ಎಕ್ಸ್ ಕೊಟ್ಟು ಎಕ್ಸ್11 ತೆರೆದವರ ಬೀಗವನ್ನು, ಎಕ್ಸ್ ಆ ಕನ್ಸೋಲ್‌ನಲ್ಲೇ ಓಡದೆ ಬೇರೊಂದರಲ್ಲಿ ಓಡುತ್ತಿದ್ದರೆ, ಕಂಟ್ರೋಲ್, ಆಲ್ಟ್ ಮತ್ತು ಎಫ್1 ಒತ್ತಿ ಆ ಕನ್ಸೋಲ್‌ಗೆ ಹೋಗಿ ದಾಟಬಹುದು: ಅಲ್ಲಿ ಎಕ್ಸ್ ಅನ್ನು ನಿಲ್ಲಿಸಿದರೆ ಸಿಗುವುದು ಲಾಗಿನ್ ಆಗಿರುವ ಶೆಲ್, ಅಂದರೆ ಕಮಾಂಡ್ ಕೊಡುವ ಜಾಗ. ‘ಎಕ್ಸೆಕ್ ಸ್ಟಾರ್ಟ್ಎಕ್ಸ್’ ಎಂದು ಕೊಟ್ಟರೆ ಹಿಂದೆ ಶೆಲ್ ಉಳಿಯುವುದಿಲ್ಲ. ಎಸ್‌ಲಾಕ್‌ನ ಕೈಪಿಡಿಯೇ ಸೂಚಿಸುವಂತೆ, ಎಕ್ಸ್‌ನ ಸಂರಚನೆಯಲ್ಲಿ ಡೋಂಟ್‌ವಿಟಿಸ್ವಿಚ್ (ಕನ್ಸೋಲ್ ಬದಲಿಸುವುದನ್ನು ತಡೆಯುವುದು) ಮತ್ತು ಡೋಂಟ್‌ಝ್ಯಾಪ್ (ಕೀಲಿ ಒತ್ತಿ ಎಕ್ಸ್ ಸರ್ವರನ್ನು ಕೊಲ್ಲುವುದನ್ನು ತಡೆಯುವುದು) ಎರಡನ್ನೂ ಜಾರಿಗೊಳಿಸುವುದು ಇನ್ನೂ ಭದ್ರ. ಮೆಮೊರಿ ತುಂಬಿದಾಗ ಕರ್ನಲ್ ಯಾವುದೋ ಪ್ರೊಸೆಸನ್ನು ಕೊಲ್ಲುತ್ತದೆ, ಅದು ಲಾಕರ್ ಆಗದಂತೆ ಎಸ್‌ಲಾಕ್ ಲಿನಕ್ಸ್‌ನಲ್ಲಿ ತನ್ನನ್ನು ತಾನು ಆ ಪಟ್ಟಿಯಿಂದ ಹೊರಗಿಟ್ಟುಕೊಳ್ಳುತ್ತದೆ. ರೂಟ್ ಆಗಿ ಪ್ರಾರಂಭವಾಗುವುದರ ನಿಜವಾದ ಲಾಭ ಇದು.

ಮುಚ್ಚಳ ಮುಚ್ಚಿ ಮಣಿಪಾಲಕ್ಕೋ ಮಂಗಳೂರಿಗೋ ಬಸ್ಸು ಹತ್ತುವ ಲ್ಯಾಪ್‌ಟಾಪ್‌ಗಳಿಗೆ ಇನ್ನೊಂದು ಎಚ್ಚರ ಬೇಕು. ಯಂತ್ರ ನಿದ್ರೆಗೆ ಹೋಗುವ ಮೊದಲು ಬೀಗ ಬಿದ್ದಿರಬೇಕು, ಎದ್ದ ಮೇಲಲ್ಲ. ಸ್ವೇ ಎಂಬ ವೇಲ್ಯಾಂಡ್ ಕಂಪೋಸಿಟರ್‌ನಲ್ಲಿ, ಸುಮ್ಮನಿರುವ ಯಂತ್ರವನ್ನು ಗಮನಿಸುವ ಸ್ವೇಐಡಲ್‌ಗೆ ‘ಡಬ್ಲ್ಯು’ ಆಯ್ಕೆಯನ್ನೂ ಸ್ವೇಲಾಕ್‌ಗೆ ‘ಎಫ್’ ಆಯ್ಕೆಯನ್ನೂ ಕೊಟ್ಟರೆ ಪರದೆ ಮುಚ್ಚಿದ ನಂತರವೇ ನಿದ್ರೆ ಬರುತ್ತದೆ. ಎಕ್ಸ್11ನಲ್ಲಿ ಎಕ್ಸ್‌ಎಸ್‌ಎಸ್‌ಲಾಕ್ ಈ ಕೆಲಸ ಮಾಡುತ್ತದೆ.

ಈಗ ನಮ್ಮಲ್ಲಿರುವುದು ಹೀಗೆ: ಒಳಗಿನ ಕೋಣೆಯ, ಹೊರಗಿನವರ ಕೈ ತಲುಪದ ಒಂದು ಎಕ್ಸ್11 ಯಂತ್ರದಲ್ಲಿ ಐ3ಲಾಕ್, ಬಾಗಿಲ ಬಳಿಯ ಎರಡರಲ್ಲಿ ಎಕ್ಸ್‌ಸೆಕ್ಯೂರ್‌ಲಾಕ್, ವೇಲ್ಯಾಂಡ್ ಇರುವುದರಲ್ಲಿ ಸ್ವೇಲಾಕ್, ಓಪನ್‌ಬಿಎಸ್‌ಡಿಯಲ್ಲಿ ಬಿಎಸ್‌ಡಿ ಆತ್ ಮೂಲಕ ನಡೆಯುವ ಐ3ಲಾಕ್. ನೀವು ಯಾವುದನ್ನೇ ಆರಿಸಿದರೂ, ಅದನ್ನು ನೆಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಪಕ್ಕದ ಯಂತ್ರದಿಂದ ಎಸ್‌ಎಸ್‌ಎಚ್ ಮೂಲಕ ಒಳಗೆ ಬಂದು ಆ ಕಿಟಕಿಯನ್ನು ತೆರೆದಿಟ್ಟುಕೊಳ್ಳಿ, ಆಮೇಲೆ ಬೀಗ ಹಾಕಿ. ತಪ್ಪು ಪಾಸ್‌ವರ್ಡ್ ಒಮ್ಮೆ, ಸರಿಯಾದದ್ದು ಒಮ್ಮೆ, ಕನ್ನಡ ವಿನ್ಯಾಸದಲ್ಲಿ ಒಮ್ಮೆ ಕೊಟ್ಟು ನೋಡಿ. ಕೊನೆಗೆ ಬೀಗ ಹಾಕಿದ ಸ್ಥಿತಿಯಲ್ಲಿ ಪಕ್ಕದ ಯಂತ್ರದಿಂದ ಪಿಕಿಲ್ ಕಮಾಂಡಿಗೆ 9ನೇ ಸಂಕೇತ ಕೊಟ್ಟು ಲಾಕರನ್ನು ಕೊಂದು, ಪರದೆಯ ಮೇಲೆ ಕಣ್ಣಿಡಿ. ಐ3ಲಾಕ್ ಸತ್ತ ಕೂಡಲೇ ತಿದ್ದುತ್ತಿದ್ದ ಪುಟ ಹಾಗೆಯೇ ಕಣ್ಣೆದುರು ಬರುತ್ತದೆ. ಎಕ್ಸ್‌ಸೆಕ್ಯೂರ್‌ಲಾಕ್‌ನ ಪಾಸ್‌ವರ್ಡ್ ಕೇಳುವ ಮರಿ ಪ್ರೊಸೆಸನ್ನು ಕೊಂದರೆ ಬೀಗ ಹಾಗೆಯೇ ನಿಲ್ಲುತ್ತದೆ, ಮೂಲ ಪ್ರೊಸೆಸನ್ನೇ ಕೊಂದರೆ ಮಾತ್ರ ತೆರೆಯುತ್ತದೆ. ಸ್ವೇಲಾಕ್ ಸತ್ತಾಗ ಪರದೆಯಿಡೀ ಕೆಂಪಾಗಿ ಹಾಗೆಯೇ ನಿಲ್ಲುತ್ತದೆ. ಎಸ್‌ಎಸ್‌ಎಚ್ ಕಿಟಕಿಯಿಂದ, ವೇಲ್ಯಾಂಡ್ ಡಿಸ್‌ಪ್ಲೇಯ ಹೆಸರು ಕೊಟ್ಟು ಹೊಸದಾಗಿ ಸ್ವೇಲಾಕ್ ಓಡಿಸಿದರೆ ಉಂಗುರ ಮರಳಿ ಮೂಡಿ ಪಾಸ್‌ವರ್ಡ್ ಕೇಳುತ್ತದೆ.